ಕಮಲಮ್ಮನವರ ಮನೆ ಆಪೋಸಿಟ್

ಮೊನ್ನೆ ಪಾರ್ಸೆಲ್ ತಂದವರೊಬ್ಬರು ಫೋನ್ ಮಾಡಿದರು. "ಸಾರ್, ನಿಮ್ಮ ಕ್ರಾಸ್‌ನಲ್ಲೇ ಇದೀನಿ. ಮನೆ ಆಪೋಸಿಟ್ ಏನಿದೆ ಹೇಳಿ."

"ಅಪಾರ್ಟ್‌ಮೆಂಟ್ ಇದೆ."

"ಎಲ್ಲಾ ಕಡೆ ಅದೇ ಇದೆ ಸಾರ್. ಹೆಸರೇನು?"

ಹೆಸರು ನನಗೆ ಗೊತ್ತಿರಲಿಲ್ಲ. ದಿನಾ ಬೆಳಗ್ಗೆ ಕಾಫಿ ಲೋಟ ಹಿಡಿದು ನಾನು ನೋಡುವುದೇ ಆ ಕಟ್ಟಡವನ್ನು. ಕನ್ನಡಕ ಹುಡುಕಿ, ಬಾಲ್ಕನಿಗೆ ಓಡಿ ಬೋರ್ಡು ಓದುವಷ್ಟರಲ್ಲಿ ಪಾಪ, ಅವರೇ ಮನೆ ಕಂಡುಹಿಡಿದಿದ್ದರು.

ಮಲ್ಲೇಶ್ವರದಲ್ಲಿ ಹುಟ್ಟಿ ಬೆಳೆದವನಿಗೆ ಇದು ಮರ್ಯಾದೆ ಪ್ರಶ್ನೆ. ನಮ್ಮಲ್ಲಿ ಮನೆ ನಂಬರನ್ನು ನಂಬಿದವರು ಯಾರು ಹೇಳಿ? ಗೋಡೆಯ ಮೇಲೆ ಹಳೆ ನಂಬರು, ಹೊಸ ನಂಬರು ಎರಡೂ ಇರುತ್ತವೆ. ಪೋಸ್ಟ್‌ಮ್ಯಾನಿಗೆ ಎರಡರ ಮೇಲೂ ಅನುಮಾನ. ನಮ್ಮನ್ನು ಕಾಪಾಡಿದ್ದು 'ಆಪೋಸಿಟ್' ಎಂಬ ಒಂದೇ ಮಾತು. ಅದರ ಮೂಲ ಲ್ಯಾಟಿನ್ ಅಂತೆ, 'ಎದುರಿಗೆ ಇಟ್ಟದ್ದು' ಎಂದು ಅರ್ಥವಂತೆ. ಫ್ರೆಂಚ್, ಇಂಗ್ಲಿಷ್ ಎಲ್ಲ ಸುತ್ತಿ ಬಂದು ಅದು ನೆಲೆ ನಿಂತದ್ದು ನಮ್ಮ ಕ್ರಾಸಿನಲ್ಲಿ. ಗುಡಿ ಆಪೋಸಿಟ್, ಹಿಟ್ಟಿನ ಗಿರಣಿ ಆಪೋಸಿಟ್. ಇಂಗ್ಲಿಷ್ ಒಂದಕ್ಷರ ಬಾರದ ನನ್ನ ಅಮ್ಮನೂ ಅದನ್ನು 'ಆಪೋಜಿಟ್ಟು' ಮಾಡಿಕೊಂಡು ಧಾರಾಳವಾಗಿ ಬಳಸುತ್ತಿದ್ದಳು.

ನಮ್ಮ ಮನೆಯ ಗುರುತು, ಕಮಲಮ್ಮನವರ ಮನೆ ಆಪೋಸಿಟ್. ಅವರ ಹಸಿರು ಗೇಟು, ಅದರ ಕಮಾನಿನ ತುಂಬ ಹಬ್ಬಿದ ಮಲ್ಲಿಗೆ ಬೀದಿಯ ತುದಿಯಿಂದಲೇ ಕಾಣುತ್ತಿದ್ದವು. ತೊಂದರೆ ಏನೆಂದರೆ, ಅಮ್ಮನಿಗೂ ಅವರಿಗೂ ಮಾತೇ ಇರಲಿಲ್ಲ. ಒಂದು ನವರಾತ್ರಿಯಲ್ಲಿ ಗೊಂಬೆ ನೋಡಲು ಬಂದ ಕಮಲಮ್ಮ, "ನಿಮ್ಮ ರಾಜನ ಮೂಗು ಮುಕ್ಕಾಗಿದೆಯಲ್ರೀ" ಅಂದಿದ್ದರು. ಪಟ್ಟದ ಗೊಂಬೆ ಅಮ್ಮನಿಗೆ ಮದುವೆಯಲ್ಲಿ ತವರಿನವರು ಕೊಟ್ಟದ್ದು. ರಾಜನ ಮೂಗನ್ನು ಆಡಿಕೊಂಡರೆ ತವರನ್ನೇ ಆಡಿಕೊಂಡಂತೆ. ಆಮೇಲೆ ಅಮ್ಮ ಆ ಗೇಟಿನ ಕಡೆ ಮುಖ ಹಾಕಲಿಲ್ಲ. ಮನೆ ಗುರುತು ಹೇಳುವಾಗ ಮಾತ್ರ ಅವರ ಹೆಸರು ಬಾಯಿಗೆ ಬರುತ್ತಿತ್ತು, ಅದೂ ಕಷಾಯ ಕುಡಿದವಳ ಹಾಗೆ.

ಹೀಗಿರುವಾಗ ಅಕ್ಕನನ್ನು ನೋಡಲು ಗಂಡಿನ ಕಡೆಯವರು ಬರುವ ದಿನ ಬಂತು. ಹಿಂದೆ ಬಂದ ಸಂಬಂಧಗಳು ಏನೇನೋ ಕಾರಣಕ್ಕೆ ತಪ್ಪಿದ್ದವು. ಈ ಹುಡುಗನ ಫೋಟೋ ನೋಡಿ ಅಕ್ಕ ಮೊದಲ ಸಲ ಬಾಯಿಬಿಟ್ಟು "ಆಗಬಹುದು" ಅಂದಿದ್ದಳು. ಕಾರು ಬಂದು ನಿಂತಿತು. ಇಳಿದವರು ನೇರವಾಗಿ ಎದುರುಮನೆಗೆ ನಡೆದರು. ದಾರಿ ತಪ್ಪಿದ್ದಲ್ಲ. ಹೆಣ್ಣಿನ ಮನೆ ಮೆಟ್ಟಿಲು ಹತ್ತುವ ಮೊದಲು ಎದುರುಮನೆಯಲ್ಲಿ ಒಂದು ಮಾತು ವಿಚಾರಿಸುವುದು ಆಗ ಎಲ್ಲರೂ ಮಾಡುತ್ತಿದ್ದ ಕೆಲಸ. ಯಾರನ್ನು ವಿಚಾರಿಸಬೇಕೆಂದು, ಮನೆ ಗುರುತು ಹೇಳುವಾಗ ಅಮ್ಮನೇ ಹೆಸರು ಸಮೇತ ಹೇಳಿಕೊಟ್ಟಿದ್ದಳು!

"ಮುಗೀತು ಕಣೋ. ನಿಮ್ಮಕ್ಕನ ಮದುವೆ ಈಗ ಆ ಹೆಂಗಸಿನ ಬಾಯಲ್ಲಿದೆ" ಎಂದು ಅಮ್ಮ ಸ್ಟೂಲಿನ ಮೇಲೆ ಕುಸಿದಳು. ಅಕ್ಕ ಮುಡಿದ ಹೂವು ತೆಗೆಯಲು ಕೈ ಹಾಕಿದಳು. ಧೈರ್ಯ ಹೇಳಬೇಕಾದ ನಾನು ತಟ್ಟೆಯಲ್ಲಿದ್ದ ಬೋಂಡ ತಿನ್ನುತ್ತ ನಿಂತಿದ್ದೆ. ಭಯವಾದರೆ ನನಗೆ ಹಸಿವು.

ಅವರು ಅಲ್ಲಿ ಕಾಫಿಯನ್ನೂ ಕುಡಿದೇ ಬಂದರು. ಗಂಡಿನ ತಾಯಿ ನಗುತ್ತ ಅಮ್ಮನ ಕೈ ಹಿಡಿದುಕೊಂಡರು. "ಎದುರುಮನೆಯವರನ್ನ ಕೇಳ್ಕೊಂಡೇ ಬಂದ್ವಿ, ಬೇಜಾರು ಮಾಡ್ಕೋಬೇಡಿ. ನನಗೊಬ್ಬ ಮಗ ಇದ್ದಿದ್ರೆ ನಿಮ್ಮನ್ನ ರಸ್ತೆ ದಾಟೋಕೇ ಬಿಡ್ತಿರಲಿಲ್ಲ ಅಂದ್ರು. ಹುಡುಗಿ ತಾಯಿ ಹೇಗೆ ಅಂತ ಕೇಳ್ದೆ. ಕೋಪ ಜಾಸ್ತಿ, ಆದ್ರೆ ಆ ಅಡುಗೆಮನೆ ದೀಪ ಹತ್ತೋದು ನೋಡಿದ್ರೇನೇ ನನಗೆ ಬೆಳಗಾಗೋದು ಅಂದ್ರು."

ಅಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು, ಒಲೆಯ ಹೊಗೆ ಅಂದಳು. ನಮ್ಮದು ಗ್ಯಾಸ್ ಒಲೆ.

ಲಗ್ನಪತ್ರಿಕೆ ಬಂದಾಗ ಒಂದನ್ನು ದೇವರ ಮುಂದಿಟ್ಟು, ಇನ್ನೊಂದನ್ನು ಹಿಡಿದು ಅಮ್ಮ ರಸ್ತೆ ದಾಟಿದಳು. ಹಿಂದೆ ಕುಂಕುಮದ ಬಟ್ಟಲು ಹಿಡಿದು ನಾನು. ಬಾಗಿಲು ತೆರೆದ ಕಮಲಮ್ಮ ಅಮ್ಮನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು.

"ಬನ್ನಿ ಒಳಗೆ. ಮನೆ ಹುಡುಕೋದು ಕಷ್ಟ ಆಯ್ತಾ?"

"ತುಂಬಾ ಕಷ್ಟ ಆಯ್ತು ಕಮಲಮ್ಮನೋರೇ" ಅಂದಳು ಅಮ್ಮ. ಇಬ್ಬರೂ ನಕ್ಕರು, ಆಮೇಲೆ ಇಬ್ಬರೂ ಅತ್ತರು.

ಅಮ್ಮನೂ ಕಮಲಮ್ಮನೂ ಈಗಿಲ್ಲ. ಆ ಹಸಿರು ಗೇಟಿನ ಜಾಗದಲ್ಲೇ ಈಗ ಅಪಾರ್ಟ್‌ಮೆಂಟ್ ಎದ್ದಿರುವುದು. ಪಾರ್ಸೆಲ್ ಬಂದ ದಿನ ಸಂಜೆ ಮನಸ್ಸು ತಡೆಯದೆ ನಾನೂ ರಸ್ತೆ ದಾಟಿ, ಮೊದಲ ಮಹಡಿಯ ಮನೆಯೊಂದರ ಬೆಲ್ ಒತ್ತಿದೆ. ನನ್ನ ಮಗಳ ವಯಸ್ಸಿನ ಹೆಂಗಸೊಬ್ಬರು ಬಾಗಿಲು ತೆರೆದರು. "ನಾನು ಎದುರುಮನೆಯವನು" ಎಂದು ಸ್ವಲ್ಪ ಗತ್ತಿನಿಂದಲೇ ಹೇಳಿಕೊಂಡೆ.

"ಗೊತ್ತು ಅಂಕಲ್, ಬನ್ನಿ. ಈ ವಾರ ಎಲ್ಲಾ ಕೆಮ್ತಾನೇ ಇದೀರಲ್ಲ, ಡಾಕ್ಟರಿಗೆ ತೋರಿಸಿದ್ರಾ?"

"ಇನ್ನೂ ಇಲ್ಲಮ್ಮ" ಅಂದೆ. ಎದುರುಮನೆಯವರ ಹೆಸರು ಕೇಳಲು ಹೋದವನು ಬೈಸಿಕೊಳ್ಳುತ್ತ ಕೂತೆ. ತುಂಬ ಖುಷಿಯಾಯಿತು.