ದೊಡ್ಡಮ್ಮನಿಗೆ ಸಿಗದ ಮಣ್ಣು

ಮೆಲ್ಕಾರಿನ ಒಂದು ಕಟ್ಟಡದ ಮಹಡಿಯಲ್ಲಿ ನಮ್ಮ ಕ್ರೈಸ್ತ ಸಭೆ ಪ್ರಾರ್ಥನೆಗೆ ಸೇರುತ್ತದೆ. ಕೆಳಗೆ ಟೈಲ್ಸ್ ಅಂಗಡಿ. ಮೇಲೆ ಒಂದು ಪಕ್ಕ ಹಲ್ಲಿನ ಡಾಕ್ಟರ ಕ್ಲಿನಿಕ್, ಇನ್ನೊಂದು ಪಕ್ಕ ನಾವು, ಏಳೆಂಟು ಕುಟುಂಬದವರು. ನಾವೆಲ್ಲ ದೊಡ್ಡಮ್ಮ ಎನ್ನುತ್ತಿದ್ದ ಹಿರಿಯ ಹೆಂಗಸು ಅಲ್ಲಿಗೆ ಬಂದದ್ದೇ ಹಲ್ಲುನೋವಿನಿಂದ. ಭಾನುವಾರವಾದ್ದರಿಂದ ಕ್ಲಿನಿಕ್ಕಿಗೆ ಬೀಗ ಹಾಕಿತ್ತು. ಕೆನ್ನೆ ಹಿಡಿದುಕೊಂಡು ಮೆಟ್ಟಿಲು ಹತ್ತಿದವರು ಹಾಡು ಕೇಳಿ ನಮ್ಮ ಬಾಗಿಲಲ್ಲಿ ನಿಂತರು. ಸ್ವಲ್ಪ ಹೊತ್ತು ಕೂರಬಹುದಾ ಎಂದು ತುಳುವಿನಲ್ಲಿ ಕೇಳಿದರು. ನಾನು ಕುರ್ಚಿ ಸರಿಸಿಕೊಟ್ಟೆ. ಮರುದಿನ ಹಲ್ಲು ಕೀಳಿಸಿಕೊಂಡರಂತೆ. ಆದರೂ ಮುಂದಿನ ಭಾನುವಾರ ಮತ್ತೆ ಬಂದರು, ಆಮೇಲೆ ವರ್ಷಗಟ್ಟಲೆ ಬಂದರು.

ಅವರು ಬಂಟ್ವಾಳದಿಂದ ಒಳಗಿನ ಹಳ್ಳಿಯೊಂದರಲ್ಲಿ ಬೀಡಿ ಕಟ್ಟುತ್ತಿದ್ದವರು. ಗಂಡ ಇರಲಿಲ್ಲ. ಒಬ್ಬನೇ ಮಗ ಬಿ.ಸಿ.ರೋಡಿನಲ್ಲಿ ರಿಕ್ಷಾ ಓಡಿಸುತ್ತಿದ್ದ. ಅಮ್ಮನನ್ನು ಅವನೇ ಕರೆತಂದು ಬಿಡುತ್ತಿದ್ದ, ಮೇಲೆ ಮಾತ್ರ ಬರುತ್ತಿರಲಿಲ್ಲ. ನಾವೆಲ್ಲ ಪ್ರಾರ್ಥನೆಗೆಂದೇ ಕಲಿತ ಮಾತುಗಳಲ್ಲಿ ಪ್ರಾರ್ಥಿಸುವವರು. ದೊಡ್ಡಮ್ಮ ದೇವರ ಹತ್ತಿರ ಅಂಗಳದಾಚೆಯ ನೆಂಟನ ಜೊತೆ ಮಾತಾಡಿದಂತೆ ಮಾತಾಡುತ್ತಿದ್ದರು. "ನನ್ನ ಸೊಂಟದ ವಿಷಯ ನಿನಗೆ ಗೊತ್ತುಂಟು. ಇನ್ನು ನಾನು ಹೇಳುವುದಿಲ್ಲ," ಎಂದು ಒಮ್ಮೆ ಮುಗಿಸಿಬಿಟ್ಟರು. ಅವರಿಗೆ ಓದು ಬರುತ್ತಿರಲಿಲ್ಲ. ನಾನು ಶಾಲೆಯಲ್ಲಿ ಕನ್ನಡ ಕಲಿಸಿ ನಿವೃತ್ತಳಾದವಳು. ಪಾಸ್ಟರ್ ಓದಿದ ವಾಕ್ಯವನ್ನು ಪಕ್ಕದಲ್ಲಿ ಕೂತು ತುಳುವಿನಲ್ಲಿ ಹೇಳುವುದು ನನ್ನ ಕೆಲಸವಾಯಿತು.

ನೀರಲ್ಲಿ ಮುಳುಗಿ ಸಭೆಗೆ ಸೇರುವ ದೀಕ್ಷಾಸ್ನಾನದ ಮಾತು ಬಂದಾಗಲೆಲ್ಲ, "ಮೊಮ್ಮಗಳ ಮದುವೆ ಒಂದು ಆಗಲಿ," ಎನ್ನುತ್ತಿದ್ದರು. ಪಾಸ್ಟರ್ ಒತ್ತಾಯಿಸಲಿಲ್ಲ. ಒತ್ತಾಯಿಸುವ ಕಾಲವೂ ಅದಾಗಿರಲಿಲ್ಲ. ಮತಾಂತರ ನಿಷೇಧದ ಕಾಯಿದೆ ಬಂತು ಎಂದರು, ತೆಗೆಯುತ್ತಾರಂತೆ ಎಂದರು. ಯಾವುದು ಎಷ್ಟು ನಿಜವೆಂದು ನಮ್ಮಲ್ಲಿ ಯಾರಿಗೂ ಸರಿಯಾಗಿ ಗೊತ್ತಿರಲಿಲ್ಲ. ಹೆದರಿಕೆ ಮಾತ್ರ ಉಳಿಯಿತು. ಎಲ್ಲೋ ಪ್ರಾರ್ಥನೆಗೆ ನುಗ್ಗಿದರಂತೆ ಎಂಬ ವೀಡಿಯೊ ಮೊಬೈಲಿಗೆ ಬಂದ ವಾರ ನಾವು ಕಿಟಕಿ ಮುಚ್ಚಿ ಹಾಡುತ್ತಿದ್ದೆವು.

ಕಿಡ್ನಿ ಕೆಟ್ಟು ದೊಡ್ಡಮ್ಮ ಮಲಗಿದರು. ನೋಡಲು ಹೋದಾಗ ನನ್ನ ಕೈ ಹಿಡಿದುಕೊಂಡು ಹೇಳಿದರು: "ಟೀಚರ್, ನನ್ನನ್ನು ಸುಡುವುದು ಬೇಡ. ಮಣ್ಣಲ್ಲಿ ಇಡಿ. ಕಡೇ ದಿನ ದೇವರು ಎಬ್ಬಿಸ್ತಾನೆ ಅಂತ ನೀವೇ ಹೇಳಿದ್ದಲ್ಲವಾ?"

"ಸುಟ್ಟರೂ ಎಬ್ಬಿಸ್ತಾನೆ ದೊಡ್ಡಮ್ಮ. ಅವನಿಗೆ ಅದು ಕಷ್ಟವಾ?"

"ಅವನಿಗೆ ಕಷ್ಟ ಇಲ್ಲ. ನನಗೆ ಬೆಂಕಿ ಅಂದರೆ ಹೆದರಿಕೆ."

ಮಗ ಬಾಗಿಲಲ್ಲೇ ನಿಂತಿದ್ದ. ನನ್ನನ್ನು ರಸ್ತೆಯ ತನಕ ಬಿಡಲು ಬಂದವನು, "ಅಮ್ಮ ಹೇಳಿದ ಹಾಗೆಯೇ ಮಾಡುವ ಟೀಚರ್. ನಮ್ಮದು ಐದು ಸೆಂಟ್ಸ್, ಮನೆ ಬಿಟ್ಟರೆ ಜಾಗ ಇಲ್ಲ. ಜಾಗ ನೀವು ನೋಡಿ," ಎಂದ.

ಒಂದು ಮಂಗಳವಾರ ಬೆಳಿಗ್ಗೆ ಅವರು ತೀರಿಕೊಂಡರು. ನಮ್ಮ ಪಾಸ್ಟರ್ ಶಿವಮೊಗ್ಗ ಕಡೆಯವರು, ಚಿಕ್ಕ ವಯಸ್ಸು. "ಟೀಚರ್, ನಿಮ್ಮ ಹಳೇ ಸಭೇಲಿ ಕೇಳೋಣ್ವಾ?" ಎಂದರು. ನಾನು ಹುಟ್ಟಿ ಬೆಳೆದದ್ದು ಮೂಡುಬಿದಿರೆ ಕಡೆಯ ಒಂದು ಹಳೆಯ ಸಭೆಯಲ್ಲಿ. ಅದಕ್ಕೆ ಸ್ವಂತ ಸಮಾಧಿಸ್ಥಳ ಉಂಟು. ಇಬ್ಬರೂ ಕಾರು ಮಾಡಿಕೊಂಡು ಹೊರಟೆವು. ಅಲ್ಲಿಯ ಹಿರಿಯರಲ್ಲಿ ಒಬ್ಬರು ನನ್ನ ಜೊತೆ ಭಾನುವಾರದ ಶಾಲೆಯಲ್ಲಿ ಕೂತವರು. ಚಹಾ ಕೊಟ್ಟರು, ಎಲ್ಲವನ್ನೂ ಕೇಳಿಸಿಕೊಂಡರು.

"ದೀಕ್ಷಾಸ್ನಾನ ಆಗಿದೆಯಾ ಅವರಿಗೆ?"

"ಇಲ್ಲ. ಆದರೆ ನಂಬಿದವರು," ಎಂದೆ.

"ನನಗೆ ಅರ್ಥ ಆಗ್ತದೆ. ಸಮಿತಿಗೆ ಅರ್ಥ ಆಗಬೇಕಲ್ಲ. ನಾಳೆ ಊರಿನವರು ಕೇಳಿದರೆ ನಾವು ಏನು ಹೇಳುವುದು?" ಮೆಲ್ಲಗೆ ಸೇರಿಸಿದರು: "ನಿಮಗಾದರೆ ಯಾವಾಗಲೂ ಜಾಗ ಉಂಟು ಟೀಚರ್. ನಿಮ್ಮ ಅಪ್ಪ ಇಲ್ಲೇ ಇದ್ದಾರಲ್ಲ."

ಸಮಾಧಾನಕ್ಕೆಂದೇ ಅವರು ಹೇಳಿದ್ದು. ನಾನು ಅರ್ಧ ಕುಡಿದ ಚಹಾ ಬಿಟ್ಟು ಎದ್ದೆ.

ವಾಪಸು ಬರುವಾಗ ನನಗೆ ಬೈಬಲಿನ ಅಬ್ರಹಾಮ ನೆನಪಾದ. ಆ ದೇಶವನ್ನೇ ಅವನಿಗೆ ಕೊಡುತ್ತೇನೆಂದು ದೇವರು ಮಾತು ಕೊಟ್ಟಿದ್ದ. ಆದರೂ ಹೆಂಡತಿ ಸತ್ತ ದಿನ ಆ ಮುದುಕ ಪರಕೀಯರ ಮುಂದೆ ತಲೆಬಾಗಿ, ಅವಳನ್ನು ಇಡಲು ಒಂದಿಷ್ಟು ನೆಲ ಕೇಳಬೇಕಾಯಿತು. ಅವನ ದೇವರನ್ನು ನಂಬದ ಆ ಜನ, ನಮ್ಮ ಸಮಾಧಿಗಳಲ್ಲಿ ಒಳ್ಳೆಯದನ್ನೇ ಆರಿಸಿಕೋ ಎಂದಿದ್ದರು. ನಾವು ಕೇಳಿದ್ದು ನಮ್ಮವರನ್ನೇ.

ಬೆಳ್ತಂಗಡಿ ಕಡೆ ರಬ್ಬರ್ ತೋಟ ಇರುವ ಒಬ್ಬರು ನಮ್ಮ ಸಭೆಯಲ್ಲಿದ್ದರು. ಪಾಸ್ಟರ್ ದಾರಿಯಿಂದಲೇ ಅವರಿಗೆ ಫೋನ್ ಮಾಡಿದರು. ಸ್ಪೀಕರಿನಲ್ಲಿ ನನಗೂ ಕೇಳುತ್ತಿತ್ತು.

"ಬೇಡ ಅಂತಲ್ಲ ಪಾಸ್ಟರೇ. ಈ ಹೆಂಗಸನ್ನು ಮತಾಂತರ ಮಾಡಿದ್ದು ಯಾರು, ಇಲ್ಲಿ ತಂದು ಹೂಳಿದ್ದು ಯಾಕೆ ಅಂತ ನಾಳೆ ನಾಲ್ಕು ಜನ ಬಂದು ನಿಂತರೆ? ನನಗೂ ಮಕ್ಕಳಿದ್ದಾರೆ. ಉಜಿರೆಯಲ್ಲಿ ಓದ್ತಾ ಇದ್ದಾರೆ."

"ಸರಿ ಅಣ್ಣ," ಎಂದು ಪಾಸ್ಟರ್ ಫೋನಿಟ್ಟರು.

ಹಳ್ಳಿಗೆ ಹೋದಾಗ ಮಧ್ಯಾಹ್ನ ಕಳೆದಿತ್ತು. ಅಂಗಳದ ತುಂಬ ಜನ. ನೆರೆಕರೆಯವರು ಮಾವಿನ ಮರ ಕಡಿದು, ಹಿಂದಿನ ಗುಡ್ಡೆಯ ಸುಡುಗಾಡಿನಲ್ಲಿ ಸೌದೆ ಒಟ್ಟಿ ಆಗಿತ್ತು. ಯಾರೂ ನಮ್ಮನ್ನು ಕೆಟ್ಟದಾಗಿ ನೋಡಲಿಲ್ಲ. ಒಬ್ಬ ಹೆಂಗಸು ಬೆಲ್ಲ, ನೀರು ತಂದುಕೊಟ್ಟಳು. ಮಗ ಹತ್ತಿರ ಬಂದ.

"ಜಾಗ ಸಿಕ್ಕಿತಾ ಟೀಚರ್?"

"ಇಲ್ಲ."

ಅವನು ನೆಲ ನೋಡಿದ. "ಇನ್ನು ಅಮ್ಮನನ್ನು ಹೀಗೇ ಇಟ್ಟುಕೊಳ್ಲಿಕ್ಕೆ ಆಗುವುದಿಲ್ಲ. ಮಾವಂದಿರು ಕಾಯ್ತಾ ಇದ್ದಾರೆ. ಮಗಳಿಗೆ ಸಂಬಂಧ ನೋಡುವುದೂ ಉಂಟು."

ಒಂದು ಸಣ್ಣ ಪ್ರಾರ್ಥನೆ ಮಾಡಬಹುದಾ ಎಂದು ಪಾಸ್ಟರ್ ಕೇಳಿದರು. "ಮನಸ್ಸಲ್ಲೇ ಮಾಡಿ," ಎಂದ ಮಗ. ಗದರಿದ್ದಲ್ಲ, ಬೇಡಿಕೊಂಡದ್ದು. ನಾವು ಸುಡುಗಾಡಿನ ಅಂಚಿನ ಗೇರುಮರದ ಕೆಳಗೆ ನಿಂತೆವು. ಪಾಸ್ಟರ ತುಟಿ ಅಲ್ಲಾಡುತ್ತಿತ್ತು. ನಾನು ಕಣ್ಣು ಮುಚ್ಚಲಿಲ್ಲ. ಬೆಂಕಿ ಇಟ್ಟಾಗ ಹೊಗೆ ಮೊದಲು ನಮ್ಮ ಕಡೆಗೇ ಬಂತು. ಬೆಂಕಿಗೆ ಹೆದರುತ್ತಿದ್ದ ಆ ಮುದುಕಿಯ ಬಳಿ ಒಂದು ಹಾಡನ್ನಾದರೂ ಹೇಳುವವರು ಅಲ್ಲಿ ಯಾರೂ ಇರಲಿಲ್ಲ.

ಆ ಭಾನುವಾರ ಪಾಸ್ಟರ್ ಪುನರುತ್ಥಾನದ ಮೇಲೆ ಮಾತಾಡಿದರು. ಚೆನ್ನಾಗಿಯೇ ಮಾತಾಡಿದರು. ತೋಟದವರು ಎದುರಿನ ಸಾಲಿನಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದರು. ನನಗೆ ಅವರ ಮೇಲೆ ಕೋಪ ಬರಲಿಲ್ಲ, ಬಂದಿದ್ದರೆ ಒಳ್ಳೆಯದಿತ್ತು. ಪ್ರೀತಿಯೇ ದೊಡ್ಡದೆಂದು ಇಷ್ಟು ವರ್ಷ ಓದಿ ಓದಿ ಹೇಳಿದ ನಾವು, ಸತ್ತವರೊಬ್ಬರಿಗೆ ಗುಂಡಿ ತೋಡುವಷ್ಟೂ ಧೈರ್ಯವಿಲ್ಲದ ಜನ ಎಂಬುದು ಮಾತ್ರ ಎದೆಯಲ್ಲಿ ಕೂತಿತು.

ಕೆಲವು ತಿಂಗಳ ಮೇಲೆ ಬಿ.ಸಿ.ರೋಡಿನಲ್ಲಿ ಕೈ ತೋರಿಸಿದಾಗ ನಿಂತದ್ದು ದೊಡ್ಡಮ್ಮನ ಮಗನದೇ ರಿಕ್ಷಾ. ಪಾಣೆಮಂಗಳೂರು ದಾಟಿದ ಮೇಲೆ ಕನ್ನಡಿಯಲ್ಲಿ ನೋಡಿ ಕೇಳಿದ: "ಟೀಚರ್, ಅಮ್ಮನನ್ನು ನಿಮ್ಮ ದೇವರು ನೋಡಿಕೊಳ್ತಾನಲ್ಲ?"

"ನೋಡಿಕೊಳ್ತಾನೆ," ಎಂದೆ. ತರಗತಿಯಲ್ಲಿ ಉತ್ತರ ಹೇಳಿಕೊಡುವ ದನಿಯಲ್ಲಿ ಹೇಳಿದ್ದೆ. ಅವನು ನಂಬಿದ. ನನಗೆ ನಂಬಲಾಗಲಿಲ್ಲ.

ಈಗಲೂ ಸಭೆಗೆ ಹೋಗುತ್ತೇನೆ. ಬಿಟ್ಟರೆ ಹೋಗಲು ಬೇರೆ ಕಡೆ ಇಲ್ಲ. ಹಾಡುವಾಗ ಎದ್ದು ನಿಲ್ಲುತ್ತೇನೆ. ಪಾಸ್ಟರ್ ನನ್ನ ಕಡೆ ತಿರುಗಿ, "ಟೀಚರ್, ಪ್ರಾರ್ಥನೆ ಮಾಡ್ತೀರಾ?" ಎಂದರೆ, ಇವತ್ತು ಬೇರೆಯವರು ಮಾಡಲಿ ಎನ್ನುತ್ತೇನೆ. ಅವರೂ ಈಚೆಗೆ ಕೇಳುವುದನ್ನು ಬಿಟ್ಟಿದ್ದಾರೆ.