ಪಿಕಿಂಗ್ ಸಮಯದ ಕೆಮ್ಮು

ಕೊಡಗು ಇನ್ನೂ ಪ್ರತ್ಯೇಕ ಪುಟ್ಟ ರಾಜ್ಯವಾಗಿದ್ದ ದಿನಗಳಲ್ಲಿ ನಾನು ಇಲ್ಲಿನ ಸರ್ಕಾರಿ ಆಸ್ಪತ್ರೆಯಲ್ಲಿ ಹೌಸ್ ಸರ್ಜನ್ ಆಗಿದ್ದೆ. ಮುಂದೆ ಯಾವ ವಿಭಾಗಕ್ಕೇ ಹೋಗಲಿ, ಮೊದಲ ವರ್ಷ ಹೆರಿಗೆ, ಮೂಳೆ, ಕಣ್ಣು, ಜ್ವರ ಅಂತ ಎಲ್ಲ ವಾರ್ಡಿನಲ್ಲೂ ದುಡಿಯಬೇಕಿತ್ತು. ಆಸ್ಪತ್ರೆಯಲ್ಲಿ ಹೆಣ್ಣು ಡಾಕ್ಟರೆಂದರೆ ನಾನೊಬ್ಬಳೇ. ಕೊಡಗಿನದೇ ಸಂಪಾಜೆಯ ಕಡೆಯವಳು, ಕೋಪ ಮೂಗಿನ ತುದಿಯಲ್ಲೇ. ಅದನ್ನೇನೂ ನಾನು ಮುಚ್ಚಿಟ್ಟುಕೊಂಡವಳಲ್ಲ.

ಕಾಫಿ ಹಣ್ಣು ಕೊಯ್ಯುವ ಪಿಕಿಂಗ್ ಸಮಯದಲ್ಲಿ ಸುಂಟಿಕೊಪ್ಪದ ಕಡೆಯ ಎಸ್ಟೇಟಿನಿಂದ ಒಬ್ಬ ಕೂಲಿ ಹೆಂಗಸನ್ನು ಕರೆತಂದರು. ವಾರದಿಂದ ಕೆಮ್ಮು, ಕೆಮ್ಮಿದರೆ ರಕ್ತ. ಮೈಸೂರಿನ ಕಡೆಯಿಂದ ಹೊಸದಾಗಿ ಬಂದಿದ್ದ ದೊಡ್ಡ ಡಾಕ್ಟರು ಅವಳ ಎದೆ ಪರೀಕ್ಷಿಸಿ, "ಕ್ಷಯವೇ ಇರಬೇಕು, ಮಗೂನ ದೂರ ಇಡಿ" ಎಂದರು. ಅವಳ ಮೊಲೆಗೂಸು ಜಗಲಿಯಲ್ಲಿ ಅಜ್ಜಿಯ ಕೈಯಲ್ಲಿ ಕಿರುಚುತ್ತಿತ್ತು. ಜೊತೆಗೆ ಬಂದಿದ್ದ, ಕೂಲಿಯವರ ಲೆಕ್ಕ ಬರೆಯುವ ಎಸ್ಟೇಟ್ ರೈಟರು, "ಕ್ಷಯ ಅಂತಾದ್ರೆ ಕೂಲಿಯೋರ ಲೈನ್ ಮನೆಗೆ ವಾಪಸ್ ಸೇರ್ಸಕ್ಕಾಗಲ್ಲ ಡಾಕ್ಟ್ರೇ" ಎಂದು ಅವಳ ತಲೆ ಮೇಲೆ ಇನ್ನೊಂದು ಕಲ್ಲು ಹಾಕಿದರು.

ಅವಳು ಅಳಲಿಲ್ಲ. ಸೆರಗನ್ನು ಎದೆಗೊತ್ತಿಕೊಂಡು ಕೂತಿದ್ದಳು. ಹಾಲು ಸೋರಿ ರವಿಕೆ ಒದ್ದೆಯಾಗಿತ್ತು. ಜ್ವರವಿಲ್ಲ, ಮೈ ಇಳಿದಿಲ್ಲ, ಇದೆಂಥ ಕ್ಷಯ?

"ತೋಟದಲ್ಲಿ ಬಾಯಾರಿದ್ರೆ ನೀರೆಲ್ಲಿ ಕುಡೀತೀಯ?" ಎಂದು ಕೇಳಿದೆ.

"ತೋಡಲ್ಲೇ ಡಾಕ್ಟ್ರಮ್ಮ. ಕೈಯೆಲ್ಲ ಕಾಫಿ ಹಣ್ಣಿನ ಅಂಟು, ಅದ್ಕೆ ಬಗ್ಗಿ ನೀರಿಗೇ ಬಾಯಿ ಹಾಕೋದು."

ಇಲ್ಲೇ ಹುಟ್ಟಿ ಬೆಳೆದ ನನಗೆ ಅಷ್ಟು ಸಾಕಿತ್ತು. ತೋಡಿನಂಥ ಸಣ್ಣ ಹಳ್ಳದ ನೀರಿನ ಜೊತೆ ಜಿಗಣೆ ಒಳಹೊಕ್ಕು ಗಂಟಲಲ್ಲಿ ಕಚ್ಚಿ ಕೂತರೆ ಕೆಮ್ಮಿದಾಗಲೆಲ್ಲ ರಕ್ತ ಬರುತ್ತದೆ. ನಮ್ಮ ಮನೆಯ ದನಗಳಿಗೇ ಹಾಗಾಗಿದ್ದನ್ನು ಕಂಡಿದ್ದೆ. ಗಂಟಲು ನೋಡಬೇಕು ಎಂದೆ.

"ನೀವಿನ್ನೂ ಹೌಸ್ ಸರ್ಜನ್ ಕಣಮ್ಮ" ಎಂದರು ದೊಡ್ಡ ಡಾಕ್ಟರು.

ಪಿತ್ತ ನೆತ್ತಿಗೇರಿತು. "ಹೌದು ಸರ್, ಎಲ್ಲಾನೂ ನೋಡಿ ಕಲಿಯೋದಕ್ಕೇ ಇಲ್ಲಿರೋದು" ಎಂದು ಅವಳನ್ನು ಕಿಟಕಿಯ ಬೆಳಕಿಗೆ ಕೂರಿಸಿದೆ.

ನಾಲಿಗೆ ಒತ್ತಿ ಹಿಡಿದು, ಕಿರುನಾಲಿಗೆಯ ಹಿಂದಕ್ಕೆ ಪುಟ್ಟ ಕನ್ನಡಿ ಹಿಡಿದೆ. ಕಪ್ಪಗೆ ಏನೋ ಅಲುಗಿತು. ಇಕ್ಕಳ ಹಾಕಿದರೆ ಜಾರಿತು. ಮತ್ತೆ ಹಿಡಿದವಳು ಬಿಡಲಿಲ್ಲ. ಬೆರಳುದ್ದದ ಜಿಗಣೆ ತಟ್ಟೆಗೆ ಬಿದ್ದು ಹೊರಳಾಡಿತು. ದೊಡ್ಡ ಡಾಕ್ಟರು ಬಗ್ಗಿ ಬಹಳ ಹೊತ್ತು ನೋಡಿ, "ಭೇಷ್" ಎಂದರು. ಆಮೇಲೆ ಎಷ್ಟೋ ದೊಡ್ಡ ಆಪರೇಷನ್ ಮಾಡಿದ್ದೇನೆ, ಅವತ್ತಿನಷ್ಟು ಹೆಮ್ಮೆ ಯಾವತ್ತೂ ಆಗಿಲ್ಲ. ಜಂಬ ಎನ್ನುವವರು ಎನ್ನಲಿ.

ಅವಳು ಜಿಗಣೆಯ ಕಡೆ ತಿರುಗಿಯೂ ನೋಡಲಿಲ್ಲ. ಬಾಯಿ ಒರೆಸಿಕೊಂಡು, "ಕೂಸನ್ನ ಎತ್ಕೋಬೋದಾ ಡಾಕ್ಟ್ರಮ್ಮ?" ಎಂದಳು. ನಾನು ಹೂಂ ಎನ್ನುವಷ್ಟರಲ್ಲಿ ಜಗಲಿಗೆ ಓಡಿದ್ದಳು. ಸ್ವಲ್ಪ ಹೊತ್ತಿಗೆ ಕೂಸಿನ ಅಳು ನಿಂತಿತು.