ಗ್ರೀಕ್ ಹೂಜಿಯ ಹೆಬ್ಬೆರಳ ಗುಳಿ

ನಮ್ಮ ಮೇಡಂ ಅವರ ಬಲಗೈ ಹೆಬ್ಬೆರಳ ಉಗುರಿನ ಸಂದಿಯಲ್ಲಿ ಸದಾ ಮಣ್ಣಿರುತ್ತಿತ್ತು. ಇಸ್ತ್ರಿ ಮಾಡಿದ ಹತ್ತಿ ಸೀರೆ, ಬಿಗಿಯಾಗಿ ಹೆಣೆದ ಜಡೆ, ಎಲ್ಲ ಅಚ್ಚುಕಟ್ಟು. ಆ ಉಗುರೊಂದು ಮಾತ್ರ ಕೊಳಕು. ಅದಕ್ಕೊಂದು ಕಥೆಯಿದೆ.

ಎಂಬತ್ತರ ದಶಕದಲ್ಲಿ ಅವರು ಚಿಂತಾಮಣಿಯ ಕಾಲೇಜಿನಲ್ಲಿ ನಮಗೆ ಇತಿಹಾಸ ಕಲಿಸುತ್ತಿದ್ದರು. ಪ್ರಾಣವೆಲ್ಲ ಪ್ರಾಚೀನ ಗ್ರೀಸಿನ ಮಡಕೆಗಳ ಮೇಲೆ. ಗ್ರೀಸನ್ನು ಕಂಡವರಲ್ಲ, ರಜೆ ಬಂದರೆ ಬೆಂಗಳೂರಿನ ಲೈಬ್ರರಿಯಲ್ಲಿ ಭೂತಗನ್ನಡಿ ಹಿಡಿದು ಫೋಟೋ ನೋಡುವುದೇ ಅವರ ವಿದೇಶ ಪ್ರವಾಸ. "ಊರಲ್ಲಿ ನೀರಿಗೇ ಗತಿಯಿಲ್ಲ, ಇವರಿಗೆ ಗ್ರೀಸಿನ ಹೂಜಿ ಬೇಕು" ಎಂದು ಸ್ಟಾಫ್ ರೂಮಿನಲ್ಲಿ ನಗುತ್ತಿದ್ದರು.

ಒಂಬತ್ತು ವರ್ಷ ಕೂತು ಡಾಕ್ಟರೇಟಿಗೆ ಪ್ರಬಂಧ ಬರೆದರು. ಕೆಲವು ಹೂಜಿಗಳ ಹಿಡಿಯ ಬುಡದಲ್ಲಿ ಹೆಬ್ಬೆರಳ ಗುಳಿಯಿದೆ, ಅದು ಒಬ್ಬನೇ ಕುಂಬಾರನ ಗುರುತು, ಆದ್ದರಿಂದ ಅವೆಲ್ಲ ಅವನವೇ ಎಂಬುದು ವಾದ. ಚಿತ್ರ ಬರೆದುಕೊಟ್ಟವಳು ನಾನು. ಬೈಂಡಾದ ಪ್ರತಿಯನ್ನು ಸೋಮವಾರ ವಿಶ್ವವಿದ್ಯಾಲಯಕ್ಕೆ ಕೊಡಬೇಕಿತ್ತು. ಶನಿವಾರ ನಾವಿಬ್ಬರೂ ಮುರುಗಮಲ್ಲದ ದಾರಿಯ ಕುಂಬಾರರ ಅಜ್ಜಿಯ ಹತ್ತಿರ ಹೂಜಿ ಕೊಳ್ಳಲು ಹೋದೆವು. ಸಂಭ್ರಮ ತಡೆಯಲಾರದೆ ಮೇಡಂ ಚೀಲದಿಂದ ಚಿತ್ರ ತೆಗೆದು ತೋರಿಸಿದರು.

ಅಜ್ಜಿ ನಕ್ಕಳು. "ಗುರುತಾ? ಅಯ್ಯೋ ಅಮ್ಮಯ್ಯ, ಹಸಿ ಮಣ್ಣಿಗೆ ಹಿಡಿ ಅಂಟಿಸ್ಬೇಕಾದ್ರೆ ಒತ್ತಬೇಕಲ್ವಾ? ಯಾರು ಒತ್ತಿದ್ರೂ ಅಂಗೇ ಬೀಳ್ತದೆ. ನಮ್ ಹೂಜಿಗೆ ಹಿಡಿ ಇಲ್ಲ, ಮೂತಿ ಅಂಟಿಸಿರೋ ಬುಡ ನೋಡಮ್ಮ."

ಅಜ್ಜಿ ಮಾಡಿದ್ದು, ಮಗ ಮಾಡಿದ್ದು, ಸೊಸೆ ಮಾಡಿದ್ದು, ಎಲ್ಲದರಲ್ಲೂ ಅದೇ ಗುಳಿ.

ಬಸ್ಸಿನಲ್ಲಿ ನಾನು ಅಳುತ್ತಲೇ, "ಕೊಟ್ಬಿಡಿ ಮೇಡಂ, ಯಾರಿಗೆ ಗೊತ್ತಾಗತ್ತೆ?" ಎಂದೆ.

"ನನಗೆ ಗೊತ್ತಾಯ್ತಲ್ಲಮ್ಮ."

ಕೊಡಲಿಲ್ಲ. ಬರಬೇಕಿದ್ದ ಪ್ರಮೋಷನ್ ಕಿರಿಯರೊಬ್ಬರ ಪಾಲಾಯಿತು. ನನಗೆ ಹೊಟ್ಟೆ ಉರಿದುಹೋಯಿತು. ಮೇಡಂ ಮಾತ್ರ ಪ್ರತಿ ಶನಿವಾರ ಅಜ್ಜಿಯ ಮುಂದೆ ಕೂತು ಮಣ್ಣು ಒತ್ತುವುದನ್ನು ಕಲಿತರು. ಉತ್ತರಪತ್ರಿಕೆ ತಿದ್ದುವಾಗಲೂ "ಹಸಿ ಇದ್ದಾಗ್ಲೇ ತಿದ್ದಬೇಕು ಕಣೇ" ಎನ್ನುತ್ತಿದ್ದರು. ಗ್ರೀಕ್ ಕುಂಬಾರರ ಕೈಕೆಲಸದ ಮೇಲೆ ಹೊಸದಾಗಿ ಬರೆದ ಪ್ರಬಂಧಕ್ಕೆ ಡಾಕ್ಟರೇಟ್ ಬಂದದ್ದು ತೊಂಬತ್ತರ ದಶಕದಲ್ಲಿ, ಅವರು ನಿವೃತ್ತರಾದ ವರ್ಷ. ಮೊದಲ ಪುಟದಲ್ಲಿ ಅಜ್ಜಿಯ ಹೆಸರಿತ್ತು.

ಮೇಡಂ ತೀರಿಕೊಂಡ ಮೇಲೆ ಅವರ ತಂಗಿ ನನಗೊಂದು ಹೂಜಿ ಕೊಟ್ಟರು. ಮೇಡಂ ಕೈಯಾರೆ ಮಾಡಿ, ಗ್ರೀಕರ ಹಾಗೆ ಹಿಡಿ ಅಂಟಿಸಿದ್ದು. ಸೊಟ್ಟಗಿದೆ, ನೀರೂ ಸೋರುತ್ತದೆ. ಈಗ ನಾನೂ ಪಾಠ ಹೇಳುವವಳು. ತಪ್ಪು ಹೇಳಿಕೊಟ್ಟು, ಮರುದಿನ ಮಕ್ಕಳ ಮುಂದೆ ಒಪ್ಪಿಕೊಳ್ಳಲು ನಾಚಿಕೆಯಾದಾಗ, ಮನೆಯಿಂದ ಹೊರಡುವ ಮುಂಚೆ ಆ ಹಿಡಿಯ ಬುಡದ ಗುಳಿಗೆ ನನ್ನ ಹೆಬ್ಬೆರಳಿಡುತ್ತೇನೆ. ಸರಿಯಾಗಿ ಕೂರುತ್ತದೆ.